ರಾಣಿಯ ಸುಳ್ಳು, ಸಖಿಯ ಬಾಯಿ

ಲಂಡನ್ನಿನ ಅಂಚಿಗಿರುವ ಪಿನ್ನರಿನ ನಮ್ಮ ಲೈಬ್ರರಿಯ ಮಹಡಿಯ ಕೋಣೆಯಲ್ಲಿ ಒಂದು ವಸಂತಕಾಲ ಪೂರ್ತಿ, ಪ್ರತಿ ಗುರುವಾರ ಮಧ್ಯಾಹ್ನ ಮೂರೂವರೆಗೆ, ನಾವು ಎಂಟು ಜನ ಸೇರಿ ಹಳೆಯ ಫ್ರೆಂಚ್ ದುರಂತ ನಾಟಕಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದೆವು. ಆ ಕೋಣೆಯಲ್ಲಿ ನಾನು ಮಾಡಿದ ಒಂದು ಕೆಲಸದ ಬಗ್ಗೆ ಈವರೆಗೆ ಬರೆದಿಲ್ಲ. ಬರೆಯಲು ಕೂತಾಗಲೆಲ್ಲ ನನಗೆ ಅನುಕೂಲವಾಗುವ ಹಾಗೆ ಒಂದೆರಡು ಮಾತು ಬದಲಾಗಿಬಿಡುತ್ತಿದ್ದವು. ಈ ಸಲ ಬದಲಾಯಿಸದೆ ಬರೆಯುತ್ತೇನೆ.

ನಾನು ಧಾರವಾಡದವಳು. ಯಜಮಾನರು ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ಮಗಳು ಓದಲು ಬೇರೆ ಊರಿಗೆ ಹೋದ ವರ್ಷ ಮಧ್ಯಾಹ್ನಗಳು ಬಹಳ ಉದ್ದವಾದವು. ಲೈಬ್ರರಿಯ ಬಾಗಿಲಿಗೆ ಅಂಟಿಸಿದ್ದ ಚೀಟಿ ನೋಡಿ ತರಗತಿಗೆ ಸೇರಿದೆ. ಕಾಲೇಜಿನಲ್ಲಿದ್ದಾಗ ಒಂದು ಗ್ರೀಕ್ ನಾಟಕದ ಕನ್ನಡ ರೂಪದಲ್ಲಿ ನಾನು ಮೇಳದ ಹೆಂಗಸರಲ್ಲಿ ಒಬ್ಬಳಾಗಿದ್ದೆ. ಮೇಳ ಅಂದರೆ ರಂಗದ ಒಂದು ಬದಿಗೆ ನಿಂತು, ನಡೆಯುವುದನ್ನೆಲ್ಲ ನೋಡುತ್ತ, ಹಾಡುತ್ತ, ಮರುಗುವ ಊರ ಜನ. ನಾನಿದ್ದದ್ದು ಹಿಂದಿನ ಸಾಲಿನಲ್ಲಿ. ಆದರೆ ಮೊದಲ ದಿನ ಪರಿಚಯ ಹೇಳಿಕೊಳ್ಳುವಾಗ, "ನಾನು ಗ್ರೀಕ್ ದುರಂತ ನಾಟಕದಲ್ಲಿ ಅಭಿನಯಿಸಿದ್ದೇನೆ" ಅಂದೆ. ಸುತ್ತ ಕೂತಿದ್ದ ನಿವೃತ್ತರೆಲ್ಲ ಮೆಚ್ಚಿ ತಲೆಯಾಡಿಸಿದರು. ಆ ಮೆಚ್ಚುಗೆ ನನಗೆ ಬೇಕಾಗಿತ್ತು.

ಟೀಚರ್‌ಗೆ ಎಪ್ಪತ್ತು ದಾಟಿತ್ತು. ಶಾಲೆಯೊಂದರಲ್ಲಿ ಬಹುಕಾಲ ಫ್ರೆಂಚ್ ಕಲಿಸಿ ನಿವೃತ್ತರಾದ ಇಂಗ್ಲಿಷ್ ಹೆಂಗಸು. ಕೋಲು ಊರಿಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು. ಲಿಫ್ಟ್ ಇದ್ದರೂ ಹತ್ತುತ್ತಿರಲಿಲ್ಲ. ಹದಿನೇಳನೆಯ ಶತಮಾನದ ಫ್ರಾನ್ಸಿನ ಕವಿಗಳು ಗ್ರೀಕರ ಕಥೆಗಳನ್ನು ಎತ್ತಿಕೊಂಡು, ಒಂದೇ ದಿನ, ಒಂದೇ ಜಾಗ, ಒಂದೇ ಘಟನೆ ಎಂಬ ಕಟ್ಟಿನೊಳಗೆ ಹೇಗೆ ಇಳಿಸಿದರು ಎಂದು ಹೇಳುತ್ತಿದ್ದರು. ರಂಗದ ಮೇಲೆ ರಕ್ತ ಬೀಳಬಾರದು. ಸಾವೆಲ್ಲ ಹೊರಗೆ ಆಗಬೇಕು, ಯಾರೋ ಓಡಿಬಂದು ಅದನ್ನು ಹೇಳಬೇಕು. ಸಾಲಿಗೆ ಹನ್ನೆರಡು ಅಕ್ಷರ. ಮೇಜಿನ ಮೇಲೆ ಬೆರಳಿನಿಂದ ಹನ್ನೆರಡು ಸಲ ತಟ್ಟಿ ತೋರಿಸುತ್ತಿದ್ದರು. ಅವರ ಹತ್ತಿರ ಒಂದು ಪುಟ್ಟ ಹಳೆಯ ಪುಸ್ತಕವಿತ್ತು. ನಾವು ಓದುತ್ತಿದ್ದ ನಾಟಕದ ಫ್ರೆಂಚ್ ಮೂಲ. ಅವರು ಹದಿನಾರರ ಹುಡುಗಿಯಾಗಿದ್ದಾಗ ಅವರ ಟೀಚರ್ ಕೊಟ್ಟದ್ದಂತೆ. ಅಂಚಿನ ತುಂಬ ಆ ಹಿಂದಿನ ಟೀಚರ್ ಪೆನ್ಸಿಲಿನಲ್ಲಿ ಬರೆದ ಇಂಗ್ಲಿಷ್ ಟಿಪ್ಪಣಿಗಳು. ಅದನ್ನು ನಮ್ಮ ಕೈಯಿಂದ ಕೈಗೆ ದಾಟಿಸುತ್ತಿದ್ದರು, ಯಾರ ಕೈಯನ್ನೂ ಅನುಮಾನಿಸದೆ.

ಎರಡನೆಯ ವಾರ ಹೊಸಬಳೊಬ್ಬಳು ಬಂದಳು. ಪಾರ್ಕ್ ರಾಯಲ್‌ನ ಕೈಗಾರಿಕಾ ಪ್ರದೇಶದ ಒಂದು ಆಹಾರದ ಕಾರ್ಖಾನೆಯಲ್ಲಿ ಸಮೋಸಾ ಪ್ಯಾಕ್ ಮಾಡುವ ಕೆಲಸ. ಬೆಳಗಿನ ಪಾಳಿ ಮುಗಿಸಿ ನೇರವಾಗಿ ಬರುತ್ತಿದ್ದಳು. ಮೈಮೇಲೆ ಕಾರ್ಖಾನೆಯ ನೀಲಿ ಜಾಕೆಟ್, ಹಣೆಯ ಮೇಲೆ ಕೂದಲ ಬಲೆ ಒತ್ತಿದ ಗೆರೆ. ವಯಸ್ಸು ಮೂವತ್ತೈದರ ಸುಮಾರು. ನನ್ನ ಪಕ್ಕದ ಕುರ್ಚಿ ಖಾಲಿಯಿತ್ತು, ಅಲ್ಲೇ ಕೂತಳು. ನನ್ನ ಫೋನಿನಲ್ಲಿ ಕನ್ನಡ ಅಕ್ಷರ ಕಂಡಿರಬೇಕು, ಮೆಲ್ಲನೆ ಕೇಳಿದಳು:

"ನೀವು ಕನ್ನಡದವರಾ? ನಾನು ಕುಂದಾಪುರ."

ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. "ಹೌದು, ಮೂಲತಃ ಧಾರವಾಡ." ಅಷ್ಟು ಹೇಳಿ ಪುಸ್ತಕದ ಕಡೆ ತಿರುಗಿದೆ. ಅವಳು ಮುಂದಿನ ವಾರಗಳಲ್ಲಿ ಇನ್ನೆರಡು ಸಲ ಕನ್ನಡದಲ್ಲಿ ಮಾತಾಡಿಸಿದಳು. ಎರಡು ಸಲವೂ ನಾನು ಇಂಗ್ಲಿಷ್ ಬಿಡಲಿಲ್ಲ. ಆ ಕೋಣೆಯಲ್ಲಿ ನಾನು ಡಾಕ್ಟರ ಹೆಂಡತಿ, ಗ್ರೀಕ್ ನಾಟಕ ಬಲ್ಲವಳು. ಸಮೋಸಾದ ಕಾರ್ಖಾನೆಯವಳೂ ನಾನೂ ಒಂದೇ ಕಡೆಯವರು ಎಂದು ಉಳಿದವರು ತಿಳಿಯುವುದು ನನಗೆ ಇಷ್ಟವಿರಲಿಲ್ಲ. ಇದನ್ನು ಆಗ ಇಷ್ಟು ಸ್ಪಷ್ಟವಾಗಿ ನನಗೆ ನಾನೇ ಹೇಳಿಕೊಂಡಿರಲಿಲ್ಲ, ಅಷ್ಟೆ.

ನಾಲ್ಕನೆಯ ವಾರ ಟೀಚರ್ ಒಂದು ಪ್ರಶ್ನೆ ಕೇಳಿದರು. "ಗ್ರೀಕರ ನಾಟಕದಲ್ಲಿ ಮೇಳ ಇತ್ತು. ಫ್ರೆಂಚರು ಅದನ್ನು ತೆಗೆದುಹಾಕಿ, ರಾಜನಿಗೊಬ್ಬ ಆಪ್ತ, ರಾಣಿಗೊಬ್ಬಳು ಸಖಿ ಅಂತ ಕೊಟ್ಟರು. ಇದರಿಂದ ಏನು ಬದಲಾಯಿತು?"

ಇದು ನನ್ನ ಪ್ರಶ್ನೆ ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪಕ್ಕದವಳು ಕೈ ಎತ್ತಿದಳು. ತನ್ನ ಅಪ್ಪ ಯಕ್ಷಗಾನದಲ್ಲಿ ಮದ್ದಳೆ ಬಾರಿಸುತ್ತಿದ್ದರು ಎಂದು ತಡೆತಡೆದು ಇಂಗ್ಲಿಷಿನಲ್ಲಿ ಹೇಳಿದಳು. ಅಲ್ಲಿ ಭಾಗವತರು ಹಿಂದೆ ಕೂತು ಹಾಡುತ್ತಾರೆ. ರಾಜ ಎಷ್ಟೇ ಕೂಗಾಡಲಿ, ಅವನನ್ನು ನೋಡುವವರೊಬ್ಬರು ಸದಾ ಹಿಂದೆ ಇರುತ್ತಾರೆ. "ಅವರು ತೆಗೆದುಹಾಕಿದ್ದು ಹಾಡನ್ನಲ್ಲ, ಸಾಕ್ಷಿಯನ್ನು. ಸಖಿ ಸಾಕ್ಷಿಯಲ್ಲ. ಅವಳು ರಾಣಿಯ ಸಂಬಳದವಳು."

ಟೀಚರ್ ಪೆನ್ನು ಕೆಳಗಿಟ್ಟರು. "ಸ್ವಲ್ಪ ಹಾಡುತ್ತೀರಾ?" ಅಂದರು. ಅವಳು ನಾಚಿಕೊಳ್ಳಲಿಲ್ಲ. ಮೇಜಿನ ಮೇಲೆ ತಾಳ ಹಾಕುತ್ತ ಎರಡೇ ಎರಡು ಸಾಲು ಎತ್ತರದ ದನಿಯಲ್ಲಿ ಎತ್ತಿದಳು. ಕೆಳಗೆ ಲೈಬ್ರರಿಯಲ್ಲಿದ್ದವರು ಮೆಟ್ಟಿಲ ಬಳಿ ಬಂದು ನಿಂತು ಕೇಳಿದರು. ಆ ದಿನವೇ ಟೀಚರ್ ತರಗತಿಗಳ ಕೊನೆಗೆ ನಾವೆಲ್ಲ ನಾಟಕವನ್ನು ಗಟ್ಟಿಯಾಗಿ ಓದೋಣ ಎಂದರು, ರಾಣಿಯ ಮಾತುಗಳನ್ನು ಅವಳಿಗೆ ಕೊಟ್ಟರು. ನನಗೆ ಮುಂದಿನ ವಾರ ಮೇಳದ ಬಗ್ಗೆ ಹತ್ತು ನಿಮಿಷ ಮಾತಾಡಲು ಹೇಳಿದರು. ನನಗೆ ಸಿಕ್ಕಿದ್ದು ಸಮಾಧಾನದ ಬಹುಮಾನ ಎಂದು ಅನ್ನಿಸಿತು. ಹೊಟ್ಟೆ ಉರಿಯಿತು.

ಆ ಹತ್ತು ನಿಮಿಷದಲ್ಲಿ ಎಲ್ಲರನ್ನೂ ಬೆರಗುಗೊಳಿಸಬೇಕು ಎಂದು ನಿಶ್ಚಯಿಸಿದೆ. ಟೀಚರ್ ಪುಸ್ತಕದ ಪೆನ್ಸಿಲ್ ಟಿಪ್ಪಣಿಗಳಲ್ಲಿ ಬೇಕಾದ್ದು ಸಿಗುತ್ತದೆ ಎಂದು ಗೊತ್ತಿತ್ತು. ಆ ದಿನದ ಚಹಾ ವಿರಾಮದಲ್ಲಿ ಅವಳು ಆ ಪುಸ್ತಕವನ್ನು ಮಗುಚಿ ನೋಡಿ ಮೇಜಿನ ಮೇಲೆ ವಾಪಸ್ ಇಟ್ಟಳು. ಇಟ್ಟದ್ದನ್ನು ನಾನು ನೋಡಿದೆ. ಎಲ್ಲರೂ ಕೋಟು ಹಾಕಿಕೊಳ್ಳುವ ಗದ್ದಲದಲ್ಲಿ ಅದನ್ನು ನನ್ನ ಬ್ಯಾಗಿಗೆ ಸೇರಿಸಿದೆ. ಕೇಳಿದ್ದರೆ ಟೀಚರ್ ಖಂಡಿತ ಕೊಡುತ್ತಿದ್ದರು. ಕೇಳಿದರೆ ನನ್ನ ಮಾತುಗಳ ಮೂಲ ಯಾವುದು ಅಂತ ತಿಳಿದುಬಿಡುತ್ತಿತ್ತು, ಅದಕ್ಕೇ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಅಡಿಗೆಮನೆಯ ಕಟ್ಟೆಯ ಮೇಲೆ ಪುಸ್ತಕ ತೆರೆದಿಟ್ಟು, ಫೋನಿನಲ್ಲಿ ಪುಟಗಳ ಫೋಟೋ ತೆಗೆಯುತ್ತ ಒಗ್ಗರಣೆ ಹಾಕುತ್ತಿದ್ದೆ. ಎರಡು ಕೆಲಸ ಒಟ್ಟಿಗೆ ಮಾಡುವ ಚಟ. ಒಗ್ಗರಣೆಯ ಸೌಟು ವಾಲಿತು. ಬಿಸಿ ಎಣ್ಣೆ, ಸಾಸಿವೆ, ಅರಿಶಿನ, ಇಂಗು ಎಲ್ಲವೂ ಪುಸ್ತಕದ ನಡುವಿಗೆ ಹೋಯಿತು. ಬಟ್ಟೆಯಿಂದ ಒರೆಸಿದೆ, ಅರಿಶಿನ ಇನ್ನಷ್ಟು ಹರಡಿತು. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ಪೆನ್ಸಿಲಿನ ಅಕ್ಷರಗಳು ಬೂದಿಬಣ್ಣದ ಮಸಿಯಾಗಿ ಬಟ್ಟೆಗೆ ಬಂದವು. ಕಡೆಗೆ ಉಜ್ಜುವುದನ್ನು ನಿಲ್ಲಿಸಿದೆ. ಹತ್ತು ಹನ್ನೆರಡು ಪುಟ ಒಂದಕ್ಕೊಂದು ಅಂಟಿ, ಪಾರದರ್ಶಕವಾಗಿ, ಹಳದಿಯಾಗಿ ಕೂತಿದ್ದವು.

ಗುರುವಾರದವರೆಗೆ ಐದು ದಿನ ಇತ್ತು. ಟೀಚರ್‌ಗೆ ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಗುರುವಾರ ಎಲ್ಲರಿಗಿಂತ ಮುಂಚೆ ಹೋಗಿ, ತರಗತಿಯ ಕಾಗದಗಳನ್ನು ಇಡುತ್ತಿದ್ದ ಕಪಾಟಿನಲ್ಲಿ ಪುಸ್ತಕ ಇಟ್ಟು ಬಂದು ಕೂತೆ.

ಟೀಚರ್ ಬಂದರು. "ಪುಸ್ತಕ ಇಲ್ಲೇ ಬಿಟ್ಟುಹೋಗಿದ್ದೆ ಅನ್ನಿಸುತ್ತೆ" ಅನ್ನುತ್ತ ಕಪಾಟು ತೆರೆದರು. ಪುಸ್ತಕ ಬಿಡಿಸಿದರು. ಅಂಟಿದ ಪುಟಗಳನ್ನು ಉಗುರಿನಿಂದ ಬಿಡಿಸಲು ನೋಡಿದರು. ವಾಸನೆ ಮೇಜಿನ ಆ ತುದಿಯಿಂದ ಈ ತುದಿಗೆ ಬಂತು. ಬ್ಯಾಂಕಿನಿಂದ ನಿವೃತ್ತರಾಗಿದ್ದ ಒಬ್ಬ ಮುದುಕರು ಮೂಗು ಅರಳಿಸಿ, "ಯಾರದೋ ಊಟದ ವಾಸನೆ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಅವರು ಹಾಗೆನ್ನುತ್ತಲೇ ಎಲ್ಲರ ಕಣ್ಣೂ ನೀಲಿ ಜಾಕೆಟ್ಟಿನ ಕಡೆ ಹೋದವು. ಟೀಚರ್ ಕಣ್ಣೂ ಹೋಯಿತು. ನಾನೂ ಭಾರತೀಯಳೇ, ನನ್ನ ಮನೆಯಲ್ಲೂ ದಿನಾ ಒಗ್ಗರಣೆ ಹಾಕುತ್ತಾರೆ, ಆದರೆ ನನ್ನ ಕಡೆ ಯಾರೂ ನೋಡಲಿಲ್ಲ.

"ಹೇಗಾಯಿತು ಅಂತ ಯಾರಿಗಾದರೂ ಗೊತ್ತಾ?" ಎಂದು ಟೀಚರ್ ಮೆಲ್ಲಗೆ ಕೇಳಿದರು.

ಯಾರೂ ನನ್ನನ್ನು ಹೆಸರು ಹಿಡಿದು ಕೇಳಿರಲಿಲ್ಲ. ಸುಮ್ಮನಿರಬಹುದಿತ್ತು. ನಾನು ಹೇಳಿದೆ: "ನನಗೆ ಸರಿಯಾಗಿ ಗೊತ್ತಿಲ್ಲ. ಹೋದ ವಾರ ವಿರಾಮದಲ್ಲಿ ಇವರ ಕೈಯಲ್ಲಿ ನೋಡಿದ ನೆನಪು."

ಆ ಎರಡನೆಯ ವಾಕ್ಯದಲ್ಲಿ ಒಂದು ಸುಳ್ಳು ಪದವೂ ಇಲ್ಲ. ಅವಳ ಕೈಯಲ್ಲಿ ನೋಡಿದ್ದು ನಿಜ. ಅಷ್ಟು ಜಾಣತನದಿಂದ ಆ ಕ್ಷಣದಲ್ಲಿ ಹೇಗೆ ಹೇಳಿದೆನೋ, ಇವತ್ತಿಗೂ ನೆನೆದರೆ ಕಿವಿ ಬಿಸಿಯಾಗುತ್ತದೆ.

ಅವಳು ನನ್ನನ್ನು ನೋಡಿದಳು. ಆಮೇಲೆ ಟೀಚರ್ ಕಡೆ ತಿರುಗಿ, "ನಾನು ಮೇಜಿನ ಮೇಲೆ ವಾಪಸ್ ಇಟ್ಟೆ" ಅಂದಳು. "ಖಂಡಿತ, ಖಂಡಿತ" ಅಂದರು ಟೀಚರ್, ತೀರಾ ಬೇಗನೆ. ಪಾಠ ಶುರುವಾಯಿತು. ನಾನು ಮೇಳದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು.

ಬಸ್‌ಸ್ಟಾಪಿನಲ್ಲಿ ಅವಳು ನನಗಾಗಿ ನಿಂತಿದ್ದಳು. ಕನ್ನಡದಲ್ಲೇ ಕೇಳಿದಳು. "ನಾನು ವಾಪಸ್ ಇಟ್ಟದ್ದನ್ನು ನೀವು ನೋಡಿದ್ರಿ ಅಲ್ವಾ?"

"ನನಗೆ ನೆನಪಿಲ್ಲ" ಅಂದೆ. ಅವಳ ಜೊತೆ ನಾನು ಆಡಿದ ಮೊದಲ ಕನ್ನಡದ ಮಾತು ಅದು.

ಮುಂದಿನ ಗುರುವಾರ ಅವಳ ಕುರ್ಚಿ ಖಾಲಿಯಿತ್ತು. ಆ ದಿನ ಟೀಚರ್ ಹೇಳಿದ ಪಾಠ ಗ್ರೀಕ್ ಮೂಲಕ್ಕೂ ಫ್ರೆಂಚ್ ನಾಟಕಕ್ಕೂ ಇರುವ ಒಂದು ವ್ಯತ್ಯಾಸದ ಬಗ್ಗೆ. ಕಥೆ ಒಂದೇ: ಮಲಮಗನ ಮೇಲೆ ಮನಸ್ಸಿಟ್ಟ ರಾಣಿ, ಅವನೇ ಅವಳ ಮಾನಕ್ಕೆ ಕೈಹಾಕಿದ ಎಂಬ ಸುಳ್ಳು ಆರೋಪದಿಂದ ಸಾಯುವ ರಾಜಕುಮಾರ. ಗ್ರೀಕರ ರಾಣಿ ಸಾಯುವ ಮುಂಚೆ ತಾನೇ ಹಲಗೆಯ ಮೇಲೆ ಸುಳ್ಳನ್ನು ಬರೆದಿಡುತ್ತಾಳೆ. ಫ್ರೆಂಚ್ ನಾಟಕದಲ್ಲಿ ಆ ಸುಳ್ಳನ್ನು ಹೇಳುವವಳು ರಾಣಿಯನ್ನು ಸಾಕಿದ ದಾದಿ, ಈಗ ಅವಳ ಸಖಿಯೂ ಆದವಳು.

"ಯಾಕೆ ಬದಲಾಯಿಸಿದರು?" ಎಂದು ಬ್ಯಾಂಕಿನ ಮುದುಕರು ಕೇಳಿದರು.

"ರಾಣಿಯ ಬಾಯಲ್ಲಿ ಅಂಥ ನೀಚ ಮಾತು ಒಪ್ಪುವುದಿಲ್ಲ, ಆಳಿನ ಬಾಯಲ್ಲಿ ಒಪ್ಪುತ್ತದೆ ಅಂತ ಕವಿಗೆ ಅನ್ನಿಸಿತು" ಅಂದರು ಟೀಚರ್. "ನೋಡುವವರಿಗೂ ಅದು ಸಹಜವಾಗಿ ಕಂಡಿತು. ಕೆಳಗಿನವರು ಹಾಗೆ ಮಾಡುತ್ತಾರೆ ಅಂತ ನಂಬುವುದು ಸುಲಭ."

"ಆಮೇಲೆ ಆ ದಾದಿ ಏನಾಗುತ್ತಾಳೆ?" ಎಂದೆ.

"ರಾಣಿ ಅವಳನ್ನೇ ಬೈದು ಓಡಿಸುತ್ತಾಳೆ. ಅವಳು ಹೋಗಿ ಸಮುದ್ರಕ್ಕೆ ಹಾರುತ್ತಾಳೆ. ನಮಗೆ ಕಾಣುವುದಿಲ್ಲ. ಯಾರೋ ಬಂದು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ."

ಅಷ್ಟಾದರೂ ನಾನು ಆ ದಿನ ಬಾಯಿ ಬಿಡಲಿಲ್ಲ. ಓದುವವರು ಇಷ್ಟು ಹೊತ್ತಿಗೆ ನಾನು ಎದ್ದು ನಿಂತು ಒಪ್ಪಿಕೊಳ್ಳುತ್ತೇನೆ ಎಂದು ಕಾಯುತ್ತಿರಬಹುದು. ಮನೆಗೆ ಹೋಗಿ ಚಪಾತಿ ಲಟ್ಟಿಸಿದೆ. ಇನ್ನೆರಡು ಗುರುವಾರ ಕಳೆದವು. ಅವಳು ಬರಲಿಲ್ಲ. ಅವಳಿಗೇನಾದರೂ ಆಗಿದ್ದರೆ ಎಂಬ ಭಯ ಸ್ನಾನ ಮಾಡುವಾಗ, ತರಕಾರಿ ಆರಿಸುವಾಗ, ಮಗಳ ಜೊತೆ ಫೋನಿನಲ್ಲಿ ಮಾತಾಡುವಾಗ ಬಂದು ಕೂರುತ್ತಿತ್ತು. ಮಗಳು, "ಅಮ್ಮಾ, ಆರ್ ಯೂ ಈವನ್ ಲಿಸನಿಂಗ್?" ಎಂದು ಕೇಳುವ ಮಟ್ಟಿಗೆ.

ಮೂರನೆಯ ವಾರ ಪಾರ್ಕ್ ರಾಯಲ್‌ಗೆ ಹೋದೆ. ಇಷ್ಟು ವರ್ಷದಲ್ಲಿ ಆ ಕಡೆ ಇಳಿದದ್ದೇ ಇಲ್ಲ. ಕಾರ್ಖಾನೆಯ ಹೆಸರು ಅವಳ ಜಾಕೆಟ್ಟಿನ ಮೇಲೆ ಓದಿದ್ದೆ. ಲಾರಿಗಳು ಹಿಮ್ಮುಖವಾಗಿ ಬರುತ್ತಿದ್ದ ಗೇಟಿನ ಪಕ್ಕ ನಿಂತೆ. ಎರಡು ಗಂಟೆಗೆ ಪಾಳಿ ಬಿಟ್ಟಿತು. ಗುಂಪಿನಲ್ಲಿ ಅವಳು ಯಾರ ಜೊತೆಗೋ ನಗುತ್ತ ಬಂದಳು. ಅವಳು ನಗುತ್ತಿರುವುದನ್ನು ಕಂಡು ಗೇಟಿನ ಪಕ್ಕದಿಂದ ಮುಂದೆ ಬಂದೆ. ನನ್ನನ್ನು ನೋಡಿ ಅವಳ ನಗು ನಿಂತಿತು.

"ಎಂತ ಇಲ್ಲಿ?"

"ನೀವು ಕ್ಲಾಸಿಗೆ ಬರ್ತಾ ಇಲ್ಲ. ನನಗೆ ಹೆದರಿಕೆ ಆಯ್ತು."

"ನಾನು ಸಾಯ್ಲಿಕ್ಕೆ ಹೋಗ್ಲಿಲ್ಲ ಮಾರಾಯ್ರೆ. ಓವರ್‌ಟೈಮ್ ಮಾಡಿದೆ."

ಅಲ್ಲೇ, ಪೇವ್‌ಮೆಂಟಿನ ಮೇಲೆ, ಎಲ್ಲ ಹೇಳಿದೆ. ಬ್ಯಾಗು, ಸೌಟು, ಕಪಾಟು. ಅಳು ಬಂತು. ಅವಳು ನನ್ನ ಅಳು ನಿಲ್ಲುವವರೆಗೆ ರಸ್ತೆ ನೋಡುತ್ತ ಕಾದಳು, ಸಮಾಧಾನ ಮಾಡಲಿಲ್ಲ.

"ನನಗೆ ಆವತ್ತೇ ಗೊತ್ತಿತ್ತು" ಅಂದಳು. "ಇಂಗಿನ ವಾಸನೆ. ಫ್ಯಾಕ್ಟರಿಯಲ್ಲಿ ನಮ್ಮ ಲೈನಿನಲ್ಲಿ ಇಂಗು ಹಾಕುವುದಿಲ್ಲ. ನನ್ನ ಗಂಡನಿಗೆ ಆಗುವುದಿಲ್ಲ ಅಂತ ಮನೆಯಲ್ಲೂ ಇಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವರಿಗೆ ಎಂತ ಅರ್ಥ ಆಗ್ತಿತ್ತು? ಎರಡು ಇಂಡಿಯನ್ ಹೆಂಗಸರು ಮಸಾಲೆ ಬಗ್ಗೆ ಜಗಳ ಆಡ್ತಿದ್ದಾರೆ ಅಂತ. ನೀವೇ ಹೇಳ್ತೀರಿ ಅಂತ ಕಾದೆ. ಬಸ್‌ಸ್ಟಾಪಿನಲ್ಲೂ ಕಾದೆ."

"ನನ್ನನ್ನು ಕ್ಷಮಿಸಿ" ಅಂದೆ.

"ಇಲ್ಲಿ ಹೇಳಿ ಎಂತ ಪ್ರಯೋಜನ? ಇಲ್ಲಿ ಯಾರೂ ನನ್ನನ್ನು ಕಳ್ಳಿ ಅಂದುಕೊಂಡಿಲ್ಲ. ಎಲ್ಲಿ ಹೇಳ್ಬೇಕೋ ಅಲ್ಲಿ ಹೇಳಿ." ಗೆಳತಿಯರು ಸ್ಟೇಷನ್ ಕಡೆ ನಡೆಯುತ್ತ ಅವಳನ್ನು ಕರೆದರು. ಹೋಗಿಬಿಟ್ಟಳು.

ಆಗಲೂ ಅಡ್ಡದಾರಿ ಹುಡುಕಿದೆ. ಟೀಚರ್ ಮನೆಗೆ ಫೋನ್ ಮಾಡಿ, ಅವರೊಬ್ಬರಿಗೇ ಹೇಳಿ ಮುಗಿಸಲು ನೋಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೋಲು ಕುರ್ಚಿಗೆ ತಾಗಿದ ಸದ್ದು ಕೇಳಿಸಿತು. ನಂತರ ಹೇಳಿದರು: "ನೀವು ಅವಳ ವಿಷಯ ನನ್ನ ಕಿವಿಯಲ್ಲಿ ಹೇಳಿರಲಿಲ್ಲ. ಮೇಜಿನ ಸುತ್ತ ಎಲ್ಲರ ಮುಂದೆ ಹೇಳಿದಿರಿ."

ಗುರುವಾರ ಎಲ್ಲರ ಮುಂದೆ ಹೇಳಿದೆ. ಬರೆದುಕೊಂಡು ಹೋಗಿದ್ದೆ, ಆದರೆ ಕಾಗದ ನೋಡಲು ಕಣ್ಣು ಸ್ಪಷ್ಟವಿರಲಿಲ್ಲ. ಇಂಗ್ಲಿಷ್ ತಪ್ಪಿತು, ಈ ದೇಶದಲ್ಲಿ ಇಪ್ಪತ್ತೆರಡು ವರ್ಷ ಆಡಿದ ನನ್ನ ಇಂಗ್ಲಿಷ್ ಆ ದಿನ ಅವಳ ಇಂಗ್ಲಿಷಿಗಿಂತ ಹೆಚ್ಚು ತಡವರಿಸಿತು. ಮುಗಿಸಿದಾಗ ಬ್ಯಾಂಕಿನ ಮುದುಕರು ಕನ್ನಡಕ ತೆಗೆದು ಒರೆಸುತ್ತ, "ಊಟದ ಮಾತು ಆಡಿದ್ದು ನಾನು" ಎಂದಷ್ಟೇ ಅಂದರು. ಟೀಚರ್ ಅಂದರು, "ನಾನು ಅವಳ ಕಡೆ ನೋಡಿದೆ. ನಿಮ್ಮ ಕಡೆ ಯಾಕೆ ನೋಡಲಿಲ್ಲ ಅಂತ ಈಗ ಯೋಚಿಸುತ್ತಿದ್ದೇನೆ." ಪುಸ್ತಕದ ಬಗ್ಗೆ ನಾನು ಮತ್ತೆ ಕ್ಷಮೆ ಕೇಳಿದಾಗ, ಆ ಟಿಪ್ಪಣಿಗಳು ಹೆಚ್ಚುಕಡಿಮೆ ಬಾಯಿಪಾಠವಿವೆ, ಆ ಕೈಬರಹ ಮಾತ್ರ ಇನ್ನು ಸಿಗುವುದಿಲ್ಲ ಎಂದರು. ಯಾರೂ ನನ್ನನ್ನು ಬೈಯಲಿಲ್ಲ. ಹೊರಗೆ ಹೋಗುವಾಗ ಯಾರೂ ನನ್ನ ಜೊತೆ ಮೆಟ್ಟಿಲು ಇಳಿಯಲೂ ಇಲ್ಲ.

ಟೀಚರ್ ಅವಳಿಗೆ ಕಾಗದ ಬರೆದರು. ಉತ್ತರ ಬಂತಂತೆ, ಏನಿತ್ತೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅವಳು ವಾಪಸ್ ಬರಲಿಲ್ಲ. ಜೂನ್ ಕೊನೆಯಲ್ಲಿ ನಾಟಕ ಓದಿದಾಗ ರಾಣಿಯ ಮಾತುಗಳನ್ನು ಟೀಚರೇ ಓದಿದರು. ನಾನು ಕೇಳಿ ದಾದಿಯ ಭಾಗ ತೆಗೆದುಕೊಂಡೆ. ಅದನ್ನು ಪ್ರಾಯಶ್ಚಿತ್ತ ಅಂದುಕೊಂಡಿದ್ದೆ. ಓದುತ್ತ ಹೋದಂತೆ ತಿಳಿಯಿತು, ಆ ದಾದಿ ಸುಳ್ಳು ಹೇಳಿದ್ದು ತಾನು ಎತ್ತಿ ಆಡಿಸಿದ ರಾಣಿಯನ್ನು ಉಳಿಸಲು. ಅಷ್ಟು ಪ್ರೀತಿ ನನ್ನ ಸುಳ್ಳಿನಲ್ಲಿ ಇರಲಿಲ್ಲ. ಸಖಿಯ ಮಾತು ಓದುವುದಕ್ಕೂ ನನಗೆ ಯೋಗ್ಯತೆ ಇರಲಿಲ್ಲ.

ಆ ನವೆಂಬರಿನಲ್ಲಿ ಲಂಡನ್ನಿನದೇ ಹೌನ್ಸ್ಲೋದ ಒಂದು ಸಭಾಂಗಣದಲ್ಲಿ ಕನ್ನಡದವರ ರಾಜ್ಯೋತ್ಸವಕ್ಕೆ ನಾನೂ ಯಜಮಾನರೂ ಹೋಗಿದ್ದೆವು. ಬೆಂಗಳೂರಿನ ಐಟಿ ಜನ, ಮೈಸೂರಿನ ಡಾಕ್ಟರುಗಳು, ಓಡಾಡುವ ಮಕ್ಕಳು. ಊಟದ ಸಾಲಿನ ಆಚೆ ಅವಳು ಹಸಿರು ಸೀರೆಯಲ್ಲಿ ನಿಂತು, ಸುತ್ತ ಕೂತ ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ತೋರಿಸುತ್ತಿದ್ದಳು. ನನ್ನನ್ನು ಕಂಡಳು. ಗುರುತು ಹಿಡಿದ ಹಾಗೆ ಒಮ್ಮೆ ತಲೆ ಬಾಗಿಸಿದಳು, ಮತ್ತೆ ಮಕ್ಕಳ ಕಡೆ ತಿರುಗಿದಳು. ಹತ್ತಿರ ಹೋಗಬೇಕೆಂದು ತಟ್ಟೆ ಹಿಡಿದು ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟೆ.

"ಯಾರಕಿ?" ಎಂದು ಕಾರಿನಲ್ಲಿ ಯಜಮಾನರು ಕೇಳಿದರು.

ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಪಿನ್ನರ್ ಮುಟ್ಟುವವರೆಗೆ ಹೇಳಿದೆ. ಅವರು ಆಸ್ಪತ್ರೆಯಲ್ಲಿ ರೋಗಿಗಳ ಮಾತು ಕೇಳುವಂತೆ ನಡುವೆ ಬಾಯಿ ಹಾಕದೆ ಕೇಳಿದರು. ಮನೆ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಇಳಿಯದೆ ಕೂತರು.

"ಅಕಿ ಸಮೋಸಾ ಫ್ಯಾಕ್ಟರಿಯಾಗ ಇರಲಿಲ್ಲ, ಡಾಕ್ಟರ್ ಇದ್ದಳು ಅಂತ ತಿಳಿ. ಆವಾಗ ಹಂಗಂತಿದ್ಯಾ?"

"ಇಲ್ಲ" ಅಂದೆ.

ಅವರು ಬಾಗಿಲು ತೆಗೆದು ಇಳಿದರು. ಸ್ವಲ್ಪ ಹೊತ್ತಿಗೆ ನಾನೂ ಇಳಿದೆ.